ಸಾಣೆ ಹಿಡಿದ ಸರಳು

ನನ್ನನ್ನು ಮೊದಲ ಸಲ ನೋಡಿದವರು ಯಾವುದೋ ಕಿಟಕಿಯಿಂದ ಕಿತ್ತು ಬಂದ ಸರಳು ಎಂದುಕೊಳ್ಳುತ್ತಾರೆ. ಒಲೆಯ ಕೆಂಡ ಕೆದಕುವ ಕಡ್ಡಿ ಎಂದವರೂ ಇದ್ದಾರೆ. ಬೇಸರವಿಲ್ಲ ಎಂದರೆ ಸುಳ್ಳಾದೀತು. ನಾನು ಕಬ್ಬಿಣದ ಸರಳು ಹೌದು, ಆದರೆ ರತ್ನಗಂಬಳಿ ನೇಯುವ ಸರಳು. ಟಿಬೆಟ್ಟಿನ ಗ್ಯಾಂತ್ಸೆ ಎಂಬ ಊರಿನ ಕಮ್ಮಾರನೊಬ್ಬ ನನ್ನನ್ನು ಕಾಸಿ, ಬಡಿದು, ತಣ್ಣೀರಿನಲ್ಲಿ ಅದ್ದಿ ತೆಗೆದ. ಆಗ ನನ್ನ ಉದ್ದ ಎರಡು ಮೊಳ, ದಪ್ಪ ಒಬ್ಬ ಹೆಣ್ಣುಮಗಳ ಕಿರುಬೆರಳಿನಷ್ಟು. ಉದ್ದ ಈಗಲೂ ಅಷ್ಟೇ ಇದೆ. ದಪ್ಪದ ಕತೆಯನ್ನೇ ನಾನು ಹೇಳಹೊರಟಿರುವುದು.

ನನ್ನ ಕೆಲಸ ಏನೆಂದು ಮೊದಲೇ ತಿಳಿಸಿಬಿಡುತ್ತೇನೆ. ಮಗ್ಗದಲ್ಲಿ ಹಾಸಿನ ದಾರಗಳು ಮೇಲಿಂದ ಕೆಳಕ್ಕೆ ಬಿಗಿದಿರುತ್ತವೆ. ನೇಯುವವಳು ನನ್ನನ್ನು ಅವುಗಳ ಮುಂದೆ ಅಡ್ಡಲಾಗಿ ಹಿಡಿದು, ಬಣ್ಣದ ಉಣ್ಣೆಯನ್ನು ದಾರಕ್ಕೊಮ್ಮೆ ನನಗೊಮ್ಮೆ ಸುತ್ತುತ್ತಾ ಹೋಗುತ್ತಾಳೆ. ಒಂದು ಸಾಲು ಮುಗಿದ ಮೇಲೆ ಮರದ ಕೊಡತಿಯಿಂದ ನನ್ನ ತಲೆಗೇ ಬಡಿದು ಸಾಲನ್ನು ಕೆಳಗೆ ಕೂರಿಸುತ್ತಾಳೆ. ಆಮೇಲೆ ನನ್ನ ಬೆನ್ನುದ್ದಕ್ಕೂ ಚಾಕು ಎಳೆದರೆ ಸುತ್ತುಗಳೆಲ್ಲ ಕತ್ತರಿಸಿಹೋಗಿ ಉಣ್ಣೆ ನೆಟ್ಟಗೆ ನಿಲ್ಲುತ್ತದೆ, ನಾನು ಬಿಡಿಸಿಕೊಂಡು ಮುಂದಿನ ಸಾಲಿಗೆ ಹೋಗುತ್ತೇನೆ. ನಾನು ಎಷ್ಟು ದಪ್ಪವೋ ಗಂಬಳಿಯ ಉಣ್ಣೆಯೂ ಅಷ್ಟು ಎತ್ತರ. ನಾನು ಸಣ್ಣಗಾದರೆ ಅದೂ ಸಣ್ಣದಾಗುತ್ತದೆ. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ನನ್ನನ್ನು ಮಾಡಿಸಿದವಳು ಗ್ಯಾಂತ್ಸೆಯ ಒಬ್ಬ ನೇಕಾರಳು. ಅವಳ ಮಗಳು ಯಾಂಗ್‌ಜೋಮ್. ಮುಂದೆ ಎಷ್ಟೋ ಜನ ಯಾಂಗ್‌ಜೋಮಳ ಮುಂದೆ ತಲೆ ಬಾಗಿ ನಿಂತರು, ಆದರೆ ನಾನು ಅವಳಿಗಿಂತ ಹಿರಿಯ. ಅವಳು ತೆವಳುತ್ತಾ ಬಂದು ನನ್ನ ತುದಿಯನ್ನು ಬಾಯಿಗಿಟ್ಟುಕೊಂಡದ್ದನ್ನು ಕಂಡವನು. ಅದಕ್ಕೇ ಏಕವಚನ.

ಚೀನಾದ ಸೈನ್ಯ ಬಂದು ಊರು ಬಿಟ್ಟು ಓಡಬೇಕಾದ ದಿನ ತಾಯಿ ಮಗ್ಗದ ಮುಂದೆಯೇ ಇದ್ದಳು. ಅವಳ ಮೊಣಕಾಲುಗಳು ಹಿಮದ ಕಣಿವೆ ದಾಟುವಂಥವಾಗಿರಲಿಲ್ಲ. ಮಗಳಿಗೆ ಅದು ಗೊತ್ತಿತ್ತು, ಆದರೂ ಹೊರಡು ಹೊರಡು ಎಂದು ಕೈ ಹಿಡಿದು ಎಳೆದಳು. ತಾಯಿ ಕೈ ಬಿಡಿಸಿಕೊಂಡು, ಅರ್ಧ ಸಾಲಿನಲ್ಲಿದ್ದ ನನ್ನನ್ನು ಚಾಕು ಹಾಕದೆ ಹಾಗೆಯೇ ಎಳೆದು ತೆಗೆದಳು. ಕತ್ತರಿಸದ ಸುತ್ತುಗಳು ಮಗ್ಗದ ಮೇಲೆ ಹಾಗೇ ಉಳಿದವು.

“ಮರ ಎಲ್ಲ ಕಡೆ ಸಿಗುತ್ತದೆ, ಮಗ್ಗ ಎಲ್ಲಿ ಬೇಕಾದರೂ ಕಟ್ಟಬಹುದು. ಇದು ಸಿಗುವುದಿಲ್ಲ, ಇಟ್ಟುಕೋ” ಎಂದಳು.

ಬಾಗಿಲಲ್ಲಿ ತಿರುಗಿ ನೋಡಿದಾಗ ತಾಯಿ ಸರಳಿಲ್ಲದ ಮಗ್ಗದ ಮುಂದೆ ಸರಿಯಾಗಿ ಕಾಲು ಮಡಿಸಿಕೊಂಡು ಕೂತಿದ್ದಳು, ಸಾಲು ಮುಂದುವರಿಸುವವಳ ಹಾಗೆ. ಅವರಿಬ್ಬರು ಮತ್ತೆ ಒಬ್ಬರನ್ನೊಬ್ಬರು ನೋಡಲಿಲ್ಲ.

ನಾನು ಯಾಂಗ್‌ಜೋಮಳ ನಡುಪಟ್ಟಿಯಲ್ಲಿ, ಅವಳ ಬೆನ್ನಿಗೆ ಅಂಟಿಕೊಂಡು ಗಡಿ ದಾಟಿದೆ. ಹಿಮಾಚಲದ ಬೆಟ್ಟಗಳಲ್ಲಿ ಅವಳು ರಸ್ತೆಗೆ ಜಲ್ಲಿ ಒಡೆಯುವ ಕೆಲಸ ಮಾಡಿದಳು. ಆಗ ನಾನು ಗುಡಾರದ ಗೂಟವಾದೆ, ಗಂಜಿ ಕಲಕುವ ಕೋಲಾದೆ. ಒಮ್ಮೆ ಅವಳು ನನ್ನನ್ನು ಹುಚ್ಚುನಾಯಿಯ ಮೇಲೂ ಬೀಸಿದಳು. ನನ್ನ ಅಂತಸ್ತಿಗೆ ತಕ್ಕ ಕೆಲಸಗಳಲ್ಲ, ಆದರೆ ಅವಳ ಅಂತಸ್ತೂ ಆಗ ಜಲ್ಲಿಯ ರಾಶಿಯ ಮೇಲೆಯೇ ಇತ್ತು. ಆಮೇಲೆ ರೈಲು, ಲಾರಿ. ಕೊನೆಗೆ ಮುಂಡಗೋಡ.

ಆಗ ಅಲ್ಲಿ ಟಿಬೆಟ್ಟಿನ ನಿರಾಶ್ರಿತರಿಗೆಂದು ಬಿದಿರು ಕಡಿದು ಬಯಲು ಮಾಡಿದ ಜಾಗ, ಸಾಲು ಗುಡಾರಗಳು, ಮತ್ತು ಯಾಂಗ್‌ಜೋಮ್ ಜನ್ಮದಲ್ಲಿ ಕಾಣದಂಥ ಬಿಸಿಲು. ಇಷ್ಟು ಸೆಕೆಯಲ್ಲಿ ಉಣ್ಣೆ ಯಾರಿಗೆ ಬೇಕು ಎಂದು ಜನ ನಕ್ಕರು. ಅವಳು ಅವರ ಜೊತೆ ತಾನೂ ನಕ್ಕು, ಬಿದ್ದಿದ್ದ ಮರಗಳಿಂದ ನಾಲ್ಕು ತೊಲೆ ಆರಿಸಿ ಮಗ್ಗ ಕಟ್ಟಿದಳು. ಮೊದಲ ಸಾಲು ನೇಯುವಾಗ ಅವಳ ಬೆವರು ನನ್ನ ಮೇಲೆ ಹನಿಯುತ್ತಿತ್ತು. ತಾಯಿ ಹೇಳಿದ್ದು ನಿಜವಾಗಿತ್ತು, ಮರ ಎಲ್ಲ ಕಡೆ ಸಿಗುತ್ತದೆ. ಕೆಲವೇ ವರ್ಷಗಳಲ್ಲಿ ಅಲ್ಲೊಂದು ನೇಯ್ಗೆಯ ಕೇಂದ್ರವಾಯಿತು. ಅನಾಥರಾಗಿ ಬಂದ ಹುಡುಗಿಯರಿಗೆಲ್ಲ ಅವಳೇ ಕಲಿಸಿದಳು. ಅವರು ಅವಳನ್ನು ಗೆನ್‌ಲಾ ಎಂದರು. ಅವರ ಮಾತಿನಲ್ಲಿ ಅದು ಗುರುಗಳೇ ಎಂದಂತೆ. ಅವಳ ಹೆಸರು ನನ್ನೊಬ್ಬನಿಗೆ ಮಾತ್ರ ನೆನಪಿದೆಯೇನೋ ಎನ್ನುವಷ್ಟು ಅದು ಊರ ಬಾಯಲ್ಲಿ ನಿಂತಿತು.

ಬೀರವ್ವ ಬಂದದ್ದು ಆ ದಿನಗಳಲ್ಲೇ. ಪಕ್ಕದ ಹಳ್ಳಿಯ ಕುರುಬರ ಹುಡುಗಿ, ಕಂಬಳಿ ನೇಯುವ ಮಾಳಪ್ಪನ ಮಗಳು. ಉಣ್ಣೆ ಹಿಂಜುವ ಕೂಲಿಗೆ ಬಂದವಳು ಮಗ್ಗದ ಬಳಿಯೇ ಸುಳಿಯುತ್ತಿದ್ದಳು. ಗೆನ್‌ಲಾ ಒಂದು ದಿನ ಅವಳ ಕೈ ಹಿಡಿದು ಬೆರಳುಗಳನ್ನು ಮಡಿಸಿ ಬಿಚ್ಚಿ ನೋಡಿದಳು.

“ಇದು ಉಣ್ಣೀ ಕೈ” ಅಂದಳು. “ಕೂಡು.”

ಗೆನ್‌ಲಾಳ ಕನ್ನಡ ಇಷ್ಟಿಷ್ಟೇ ಇತ್ತು. ಬೀರವ್ವಳಿಗೆ ಅವಳ ಭಾಷೆ ಅಷ್ಟೂ ಬರುತ್ತಿರಲಿಲ್ಲ. ಗೆನ್‌ಲಾ ಕಲಿಸುತ್ತಿದ್ದದ್ದು ತನ್ನ ಕೈಯನ್ನು ಶಿಷ್ಯೆಯ ಕೈ ಮೇಲಿಟ್ಟು, ಜೊತೆಗೇ ಸುತ್ತುತ್ತಾ. ತಪ್ಪಾದರೆ ಬೈಯುತ್ತಿರಲಿಲ್ಲ. ತಪ್ಪಿದ ಸಾಲನ್ನು ತಾನೇ ಬಿಚ್ಚಿ, “ಚಾ ಕುಡಿ, ಮತ್ತ ಮಾಡು” ಎನ್ನುತ್ತಿದ್ದಳು. ಆ ಉಪ್ಪು ಬೆಣ್ಣೆಯ ಚಹಾ ಮೊದಮೊದಲು ಬೀರವ್ವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಎಷ್ಟು ಬೇಗ ಕುಡಿದು ಮುಗಿಸಿದರೂ ಗೆನ್‌ಲಾ ಬಟ್ಟಲು ತುಂಬಿಸಿಬಿಡುತ್ತಿದ್ದಳು, ಅದು ಅವರ ಪದ್ಧತಿ. ಪಾಪದ ಹುಡುಗಿ ಮೂಗು ಹಿಡಿದು ಕುಡಿಯುವುದು ನೋಡಿ ನನಗೆ ನಗು ಬರುತ್ತಿತ್ತು.

ಒಂದು ಮಳೆಗಾಲದ ಮುಂಚೆ ಮಾಳಪ್ಪ ಮಗಳ ಗುರುವಿಗೆಂದು ಕರಿ ಕಂಬಳಿ ಹೊತ್ತು ತಂದ. ಗೆನ್‌ಲಾ ಅದನ್ನು ಮೂಸಿ ನೋಡಿ, ಇದೇನು ವಾಸನೆ ಎಂದು ಕೇಳಿದಳು.

“ಹುಣಸೀಬೀಜದ ಗಂಜಿರಿ ಅವ್ವಾರ” ಎಂದ ಮಾಳಪ್ಪ. “ಬೀಜ ಅರದು, ಕುದಿಸಿ, ನೂಲಿಗೆ ಬಳಿತೇವ್ರಿ. ಎಳಿ ಗಟ್ಟಿ ಆಗ್ತೈತಿ. ನಮ್ಮ ಮುತ್ಯಾನ ಕಾಲದಿಂದ ಹಿಂಗ ಐತಿ.”

ಆ ಮಳೆಗಾಲವಿಡೀ ಗೆನ್‌ಲಾ ಅದನ್ನೇ ಹೊದ್ದು ತಿರುಗಿದಳು. ತನ್ನ ಜನರಿಗೆಲ್ಲ ತೋರಿಸಿ, ನೋಡಿ, ಇವರೂ ಉಣ್ಣೆಯವರು ಎನ್ನುತ್ತಿದ್ದಳು. ಬೀರವ್ವ ಹಿಗ್ಗಿ ಹೀರೇಕಾಯಿಯಾಗಿದ್ದಳು.

ಆಮೇಲೆ ಒಂದು ನೀಲಿ ಗಂಬಳಿಯ ಮಾತು ಬಂತು. ಅಲ್ಲಿನ ಬೌದ್ಧ ಮಠದಲ್ಲಿ ಹೊಸ ಪ್ರಾರ್ಥನಾ ಮಂದಿರ ಏಳುತ್ತಿತ್ತು. ಹಿರಿಯ ಲಾಮಾ ಕೂರುವ ಪೀಠಕ್ಕೆ ಗಂಬಳಿ ನೇಯುವ ಕೆಲಸ ಗೆನ್‌ಲಾಳಿಗೆ ಬಂತು. ತಾಯಿಯ ಮಗ್ಗದ ಮೇಲೆ ಅರ್ಧಕ್ಕೆ ನಿಂತಿತ್ತಲ್ಲ, ನೀಲಿಯ ಮೇಲೆ ಬಿಳಿ ಮೋಡಗಳ ಗಂಬಳಿ, ಅದನ್ನೇ ಇಲ್ಲಿ ನೇಯಬೇಕೆಂದು ಅವಳ ಮನಸ್ಸಾಯಿತು. ಎಲ್ಲಿಂದಲೋ ನೀಲಿ ತರಿಸಿ ತನ್ನ ಕೈಯಾರೆ ಉಣ್ಣೆಗೆ ಬಣ್ಣ ಹಾಕಿದಳು. ಅಂಥ ನೀಲಿ ಒಂದೇ ಸಲ ಬರುತ್ತದೆ, ಎರಡನೆಯ ಸಲ ಹಾಕಿದರೆ ಛಾಯೆ ಬೇರೆಯಾಗುತ್ತದೆ. ಹಾಸು ಬಿಗಿದಾಯಿತು. ಇನ್ನೇನು ಶುರುಮಾಡಬೇಕು, ಅಷ್ಟರಲ್ಲಿ ಅವಳು ರಕ್ತ ಕೆಮ್ಮಿದಳು. ಆಸ್ಪತ್ರೆಗೆ ಒಯ್ದರು. ಹೋಗುವ ಮುಂಚೆ ನನ್ನನ್ನು ಬೀರವ್ವಳ ಕೈಗೆ ಕೊಟ್ಟು, “ನೀ ಮಾಡು. ನಾ ಮಾಡಿದಂಗ” ಎಂದಳು.

ಬೀರವ್ವಳಿಗೆ ಆ ಹೊತ್ತು ಏನಾದರೂ ಕೊಡಬೇಕೆನ್ನಿಸಿತು. ಗೆನ್‌ಲಾಳ ಹತ್ತಿರ ಇಲ್ಲದ್ದು ತನ್ನ ಮನೆಯಲ್ಲಿ ಏನಿದೆ? ಅವಳಿಗೆ ತೋಚಿದ್ದು ಹುಣಸೆಬೀಜದ ಗಂಜಿ. ಪೀಠದ ಗಂಬಳಿ ನೂರು ವರ್ಷ ಬಾಳಲಿ ಎಂದು, ಅಪ್ಪ ಮಾಡಿದಂತೆಯೇ ಬೀಜ ಅರೆದು ಕುದಿಸಿ, ನೀಲಿಯ ಅರ್ಧದಷ್ಟು ಲಡಿಗಳಿಗೆ ಬಳಿದು ಒಣಗಿಸಿದಳು. ಕಂಬಳಿಯ ಒರಟು ನೂಲಿಗೆ ಅದು ಬಲ. ಈ ಮೆತ್ತನೆಯ ಉಣ್ಣೆ ತಂತಿಯಂತೆ ಸೆಟೆದು ನಿಂತಿತು, ನನಗೆ ಸುತ್ತಿದರೆ ಸುತ್ತಿಕೊಳ್ಳಲಿಲ್ಲ. ಹುಡುಗಿ ಹೆದರಿ ಗಂಜಿ ಬಿಡಿಸಲು ಲಡಿಗಳನ್ನು ಕುದಿಯುವ ನೀರಿಗೆ ಹಾಕಿ ತಿಕ್ಕಿದಳು. ಬಣ್ಣ ಹೋಯಿತು. ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಒಂದೇ ಮುದ್ದೆಯಾದವು.

ಆ ಮುದ್ದೆಯನ್ನು ಅವಳು ಉಣ್ಣೆಗೆ ಬಣ್ಣ ಹಾಕುವ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲಗಳ ಅಡಿಗೆ ತುರುಕಿದಳು. ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆಸ್ಪತ್ರೆಯಲ್ಲಿ ಮಲಗಿದ್ದ ಗೆನ್‌ಲಾ ನೋಡಲು ಹೋದವರನ್ನೆಲ್ಲ ಕೇಳುತ್ತಿದ್ದದ್ದು ಒಂದೇ, ನೀಲಿ ಹೇಗೆ ಕೂತಿದೆ? ಬೀರವ್ವಳ ಬಾಯಿ ಕಟ್ಟಿಹೋಯಿತು.

ಉಳಿದ ಅರ್ಧ ಉಣ್ಣೆಯಲ್ಲಿ ಇಡೀ ಗಂಬಳಿ ಆಗಬೇಕು. ಹೇಗೆ ಎಂದು ಅವಳು ನನ್ನನ್ನೇ ನೋಡುತ್ತಾ ಕೂತಾಗ ನನಗೆ ಭಯವಾಯಿತು. ಬೇರೆ ಸಣ್ಣ ಸರಳು ಹಿಡಿದರೆ ಕೇಂದ್ರದ ಹೆಂಗಸರು ಕೇಳುತ್ತಾರೆ, ಗೆನ್‌ಲಾಳ ಸರಳು ಎಲ್ಲರಿಗೂ ಗೊತ್ತು. ಹಾಗಾಗಿ ನನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡು ತನ್ನೂರಿನ ಕಮ್ಮಾರನ ಬಳಿ ಹೋದಳು.

“ಮೌನೇಶಣ್ಣ, ಇದನ್ನ ಸಾಣಿ ಹಿಡದು ಅರ್ಧ ಸಣ್ಣ ಮಾಡಿಕೊಡು.”

ಅವನು ನನ್ನನ್ನು ಬೆರಳಿನಿಂದ ಬಾರಿಸಿ ಸದ್ದು ಕೇಳಿದ. “ಇಂಥಾ ಚಲೋ ಕಬ್ಬಿಣ ಯಾಕ ಹಾಳ ಮಾಡ್ತಿ ತಂಗಿ?”

“ಮಾಡಂದ್ರ ಮಾಡು” ಎಂದು ಅವಳು ಮುಖ ತಿರುಗಿಸಿದಳು.

ಸಾಣೆಕಲ್ಲು ತಿರುಗಿತು. ಹಿಮಾಲಯ ದಾಟಿ ಬಂದ ಮೈ ಕಿಡಿಕಿಡಿಯಾಗಿ ಕಮ್ಮಾರನ ನೆಲದ ಮೇಲೆ ಉದುರಿತು. ನೋವಾಯಿತು ಎಂದು ಹೇಳಿ ಅನುಕಂಪ ಗಿಟ್ಟಿಸಬಹುದು. ಆದರೆ ನಿಜ ಬೇರೆ. ತುಕ್ಕು, ಹೊಗೆ, ಗಂಜಿಯ ಕಲೆ ಎಲ್ಲ ಹೋಗಿ ನಾನು ಹೊಳೆಯತೊಡಗಿದಾಗ ನನಗೆ ಒಳಗೊಳಗೇ ಖುಷಿಯಾಗಿತ್ತು. ಆ ಖುಷಿ ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಗಂಬಳಿ ಮುಗಿಯಿತು, ಬೀರವ್ವ ನನ್ನನ್ನು ಗೆನ್‌ಲಾಳ ಪೆಟ್ಟಿಗೆಯಲ್ಲಿಟ್ಟಳು. ನೋಡಲು ಚೆಂದವೇ ಇತ್ತು. ಗೆನ್‌ಲಾ ಆಸ್ಪತ್ರೆಯಿಂದ ಬಂದ ದಿನ ಹೆಂಗಸರೆಲ್ಲ ಸೇರಿ ಅದನ್ನು ಬಿಡಿಸಿ ಹಾಸಿದರು. ಅವಳು ಬಾಗಿ ಅಂಗೈಯನ್ನು ಮೋಡಗಳ ಮೇಲೆ ಎಳೆದಳು. ಕೈ ನಡುವೆ ಒಂದು ಕ್ಷಣ ನಿಂತಿತು, ಮತ್ತೆ ಸಾಗಿತು.

“ಚಲೋ ಆಗ್ಯಾದ” ಎಂದಳು. ಬೀರವ್ವ ನೆಲ ನೋಡುತ್ತಿದ್ದಳು, ಕೈ ನಿಂತದ್ದು ಅವಳಿಗೆ ಕಾಣಲಿಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಗೆನ್‌ಲಾ ತನ್ನ ಪೆಟ್ಟಿಗೆ ತೆರೆದು ನನ್ನನ್ನು ಹೊರತೆಗೆದಳು. ಮಗುವಾಗಿದ್ದಾಗಿನಿಂದ ಹಿಡಿದ ತೂಕ, ಅವಳಿಗೆ ಮೋಸ ಮಾಡುವುದುಂಟೇ? ಅಂಗೈಯಲ್ಲಿ ತೂಗಿ ನೋಡಿದಳು. ಹೆಬ್ಬೆರಳಿನಿಂದ ಉದ್ದಕ್ಕೂ ಸವರಿದಳು. ಮಿಕ್ಕ ನೀಲಿ ಉಣ್ಣೆ ಏನಾಯಿತೆಂದು ಹುಡುಕುತ್ತಾ ಬಣ್ಣದ ಕೊಟ್ಟಿಗೆಗೆ ಹೋದಳು, ನಾನು ಅವಳ ಕೈಯಲ್ಲೇ ಇದ್ದೆ. ಗೋಣಿಗಳ ಅಡಿಯಲ್ಲಿ ಆ ಮುದ್ದೆ ಸಿಕ್ಕಿತು. ಮೂಗಿಗೆ ಹಿಡಿದಳು. ಹುಣಸೆಬೀಜದ ವಾಸನೆ ಅವಳಿಗೆ ಚೆನ್ನಾಗಿ ಗೊತ್ತಿತ್ತು, ಒಂದು ಮಳೆಗಾಲ ಅದನ್ನೇ ಹೊದ್ದಿದ್ದಳಲ್ಲ.

ನನ್ನನ್ನು ಕೆನ್ನೆಗೊತ್ತಿಕೊಂಡು ತನ್ನ ಭಾಷೆಯಲ್ಲಿ ಹೇಳಿದಳು: “ಹುಡುಗಿ ತನ್ನ ಮನೆಯದ್ದನ್ನು ನನಗೆ ಕೊಡಲು ಬಂದಿದ್ದಾಳೆ. ಈಗ ನಾನು ಬಾಯಿ ಬಿಟ್ಟರೆ ನಾಳೆಯಿಂದ ಮಗ್ಗದ ಮುಂದೆ ಕೂರುವುದಿಲ್ಲ. ಮಗ್ಗದ ಮುಂದೆ ಕೂತವರನ್ನು ಕಳೆದುಕೊಂಡದ್ದು ಒಮ್ಮೆ ಸಾಕು.”

ಮುದ್ದೆಯನ್ನು ಒಲೆಗೆ ಹಾಕಿದಳು. ನನ್ನನ್ನು ಪೆಟ್ಟಿಗೆಗೆ ಹಾಕಿದಳು. ಮಗ್ಗದ ಧೂಳು ಎದೆಗೆ ಆಗದೆಂದು ಡಾಕ್ಟರು ಹೇಳಿದ್ದರಿಂದ ಅವಳು ಮತ್ತೆ ನೇಯಲಿಲ್ಲ, ಉಣ್ಣೆ ಆರಿಸಿಕೊಡುವ ಕೆಲಸ ಮಾತ್ರ ಇಟ್ಟುಕೊಂಡಳು. ಅವಳು ಪೆಟ್ಟಿಗೆಯನ್ನೇ ತೆರೆದಿಲ್ಲ ಎಂದು ಬೀರವ್ವ ನಂಬಿಕೊಂಡಳು.

ಒಂದು ವರ್ಷ ಕಳೆಯುವಷ್ಟರಲ್ಲಿ ಮಠದಿಂದ ಒಬ್ಬ ಲಾಮಾ ಗಂಬಳಿಯನ್ನು ಸುತ್ತಿ ಹೆಗಲ ಮೇಲೆ ಹೊತ್ತು ತಂದ. ಹಿರಿಯರು ಕೂರುವ ಜಾಗದಲ್ಲಿ ಉಣ್ಣೆ ಸವೆದು ಹಾಸಿನ ದಾರಗಳು ಕಾಣುತ್ತಿದ್ದವು. ಕೇಂದ್ರದ ಮೇಲ್ವಿಚಾರಕ ಎಲ್ಲರನ್ನೂ ಕರೆದು ನಿಲ್ಲಿಸಿ, ಇದು ಹೇಗಾಯಿತು ಎಂದು ಕೇಳಿದ. ಬೀರವ್ವಳ ತುಟಿ ಅಲುಗಿತು. ಅವಳಿಗಿಂತ ಮೊದಲೇ ಗೆನ್‌ಲಾ ಮುಂದೆ ಬಂದಳು.

“ಉಣ್ಣಿ ಆರಿಸಿದಾಕಿ ನಾನು. ಉಣ್ಣಿ ಚಲೋ ಇರಲಿಲ್ಲ. ನನ್ನ ಕಣ್ಣು ಹೋಗ್ಯಾವ. ಹುಡುಗಿ ಕೈದು ತಪ್ಪಿಲ್ಲ.”

ಯಾರೂ ಜೋರು ಮಾಡಲಿಲ್ಲ. ಆದರೆ ಮರುದಿನದಿಂದ ಉಣ್ಣೆ ಆರಿಸುವ ಕೆಲಸವನ್ನು ಬೇರೆಯವರಿಗೆ ಕೊಟ್ಟರು, ಕಲಿಸುವ ಕೆಲಸವನ್ನು ಬೀರವ್ವಳಿಗೆ. ಹೊಸ ಹುಡುಗಿಯರು ಅವಳನ್ನು ಗೆನ್‌ಲಾ ಎಂದು ಕರೆಯತೊಡಗಿದರು. ಪ್ರತಿ ಸಲವೂ ಅವಳು ಹಿಂತಿರುಗಿ ನೋಡುತ್ತಿದ್ದಳು, ನಿಜವಾದವಳು ಹಿಂದೆ ಬಂದು ನಿಂತಿದ್ದಾಳೇನೋ ಎಂದು.

ಸವೆದ ಆ ಗಂಬಳಿಯನ್ನು ಗೆನ್‌ಲಾ ತನ್ನ ಮನೆಗೆ ಒಯ್ದು ಮಂಚದ ಮೇಲೆ ಹಾಸಿಕೊಂಡಳು. ಬೀರವ್ವ ಕೆಲಸ ಮುಗಿಸಿ ಅಲ್ಲಿಗೆ ಬಂದರೆ ಅದರ ಮೇಲೆಯೇ ಕೂರಬೇಕು. ನನ್ನ ಪೆಟ್ಟಿಗೆ ಮಂಚದ ಕೆಳಗೇ ಇತ್ತು, ಎಲ್ಲವೂ ಕೇಳಿಸುತ್ತಿತ್ತು.

“ಗೆನ್‌ಲಾ, ನಿಮಗೊಂದು ಮಾತ ಹೇಳಬೇಕಂತ…”

“ಚಾ ಆರಿತು. ಕುಡಿ.”

“ಕುಡದೆ ರೀ. ಆ ನೀಲಿ ಗಂಬಳಿ…”

“ಇನ್ನೊಂದು ಸ್ವಲ್ಪ ಹಾಕ್ತೇನಿ. ನಿಮ್ಮ ಅಪ್ಪ ಆರಾಮ ಅದಾನ?”

ಬಟ್ಟಲು ಮತ್ತೆ ತುಂಬುತ್ತಿತ್ತು, ಮಾತು ಅಲ್ಲಿಗೆ ನಿಲ್ಲುತ್ತಿತ್ತು. ಹೀಗೆ ವರ್ಷಗಳು ಹೋದವು. ಬೀರವ್ವಳ ಮದುವೆಯಾಯಿತು, ಮಕ್ಕಳಾದವು. ಅವಳು ಬರುವುದು ತಪ್ಪಲಿಲ್ಲ, ಹೇಳದೆ ಹೋಗುವುದೂ ತಪ್ಪಲಿಲ್ಲ. ಇಲ್ಲಿ ನನಗೆ ಗೆನ್‌ಲಾಳ ಮೇಲೆ ಸಿಟ್ಟಿದೆ, ಹೇಳಿಬಿಡುತ್ತೇನೆ. ಬಾಯಿ ಮುಚ್ಚಿಸಿದರೆ ಕ್ಷಮಿಸಿದಂತೆಯೇ ಎಂದು ಅವಳು ಎಣಿಸಿದ್ದಳು. ಬೀರವ್ವ ತಿಳಿದದ್ದು ಪೂರಾ ಬೇರೆ. ಜಗತ್ತಿನಲ್ಲೇ ಉಣ್ಣೆಯನ್ನು ಅಷ್ಟು ಬಲ್ಲವಳು, ತನ್ನ ಕಣ್ಣು ಕೈಕೊಟ್ಟಿತು ಎಂದು ನಿಜವಾಗಿ ನಂಬಿ ಕೊರಗುತ್ತಿದ್ದಾಳೆ, ಅದಕ್ಕೇ ಆ ಮಾತು ಎತ್ತಲು ಬಿಡುವುದಿಲ್ಲ, ಹಾಗೆ ನಂಬಿಸಿದವಳು ತಾನು. ಒಬ್ಬಳು ಬಟ್ಟಲು ತುಂಬಿಸುತ್ತಾ ಹೋದಳು, ಇನ್ನೊಬ್ಬಳು ನುಂಗುತ್ತಾ ಹೋದಳು.

ಒಂದು ಚಳಿಗಾಲ ಗೆನ್‌ಲಾಳ ಎದೆ ಪೂರ್ತಿ ಸೋತಿತು. ಕೊನೆಯ ದಿನ ಬೀರವ್ವ ಅವಳ ಕಾಲು ತಿಕ್ಕುತ್ತಾ ಬಾಯಿ ತೆರೆದಳು. ಆಗ ತಡೆಯಲು ಚಹಾ ಇರಲಿಲ್ಲ. ಆದರೆ ಕೇಳಿಸಿಕೊಳ್ಳುವ ಪ್ರಜ್ಞೆಯೂ ಗೆನ್‌ಲಾಳಿಗೆ ಇರಲಿಲ್ಲ.

ಅವಳು ತೀರಿಕೊಂಡ ನಲವತ್ತೊಂಬತ್ತನೆಯ ದಿನ, ಅವರ ಪದ್ಧತಿಯ ಪ್ರಾರ್ಥನೆಗೆ ಎಲ್ಲರೂ ಸೇರಿದ್ದರು. ಗೆನ್‌ಲಾಳಿಗೆ ಬೇರೆ ಯಾರೂ ಇರಲಿಲ್ಲವೆಂದು ಪಕ್ಕದ ಮನೆಯವರು ಗಂಬಳಿಯನ್ನೂ ನನ್ನನ್ನೂ ಬೀರವ್ವಳಿಗೇ ಕೊಟ್ಟಿದ್ದರು. ಮಂತ್ರ ಮುಗಿದ ಮೇಲೆ ಅವಳು ನನ್ನನ್ನು ಎತ್ತಿ ಹಿಡಿದು ನಿಂತಳು.

“ಈ ಸರಳ ನೋಡ್ರಿ. ಇದನ್ನ ಸಾಣಿ ಹಿಡಿಸಿ ಸಣ್ಣ ಮಾಡಿಸಿದಾಕಿ ನಾನು. ಉಣ್ಣಿ ಕೆಡಿಸಿದಾಕಿ ನಾನು. ಗೆನ್‌ಲಾ ಅವರ ಕಣ್ಣು ಹೋಗಿರಲಿಲ್ಲ. ಅವರು ಆರಿಸಿದ ಉಣ್ಣಿ ಬಂಗಾರದಂಥಾದ್ದು ಇತ್ತು.”

ಮೇಲ್ವಿಚಾರಕ ಆಗ ಮುದುಕನಾಗಿದ್ದ. “ಹಳೇ ಮಾತು, ಬಿಡವ್ವ” ಎಂದ. ಲಾಮಾಗಳು ಅವಳ ತಲೆ ಮುಟ್ಟಿದರು. ಎಲ್ಲರೂ ಎಷ್ಟು ಸುಲಭವಾಗಿ ಕ್ಷಮಿಸಿಬಿಟ್ಟರು ಎಂದರೆ ಅವಳಿಗೆ ಮತ್ತಷ್ಟು ಅಳು ಬಂತು. ಕ್ಷಮಿಸಬೇಕಾದವಳು ಅವರಲ್ಲಿರಲಿಲ್ಲ. ಮರುದಿನ ಕೇಂದ್ರದಲ್ಲಿ ಹುಡುಗಿಯರಿಗೆ, “ನನಗ ಗೆನ್‌ಲಾ ಅನಬ್ಯಾಡ್ರಿ, ಅಕ್ಕಾ ಅನ್ರಿ” ಎಂದಳು. ಅಂದಿನಿಂದ ಅಲ್ಲಿ ಗೆನ್‌ಲಾ ಎಂದರೆ ಒಬ್ಬಳೇ.

ಈಗ ಬೀರವ್ವ ಅಜ್ಜಿಯಾಗಿದ್ದಾಳೆ, ಮಗ್ಗ ಬಿಟ್ಟು ಮನೆ ಹಿಡಿದಿದ್ದಾಳೆ. ನಾನು ಅವಳ ಮನೆಯ ಗೋಡೆಯ ಮಾಡದಲ್ಲಿ, ಬೀರದೇವರ ಪಟದ ಪಕ್ಕ ಮಲಗಿದ್ದೇನೆ. ಮತ್ತೆ ತುಕ್ಕು ಹತ್ತಿದೆ, ಆ ಹೊಳಪು ಹೋಗಿದೆ, ಒಳ್ಳೆಯದೇ ಆಯಿತು. ನೀಲಿ ಗಂಬಳಿ ಕೆಳಗೆ ಹಾಸಿದೆ. ಅದರ ಮೇಲೆ ಯಾರೂ ಕೂರುವ ಹಾಗಿಲ್ಲ, ಮೊಮ್ಮಕ್ಕಳೂ ಕೂಡ.

ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಅವಳು ನನ್ನನ್ನು ಕೈಗೆ ತೆಗೆದುಕೊಳ್ಳುತ್ತಾಳೆ. ಹೆಬ್ಬೆರಳಿನಿಂದ ಉದ್ದಕ್ಕೂ ಸವರುತ್ತಾಳೆ, ಗೆನ್‌ಲಾ ಅಂದು ಸವರಿದ ಹಾಗೆಯೇ. ಹಾಗೆಂದು ಅವಳಿಗೆ ಗೊತ್ತಿಲ್ಲ.

“ಗೆನ್‌ಲಾ,” ಎಂದು ಮೆಲ್ಲಗೆ ಕೇಳುತ್ತಾಳೆ, “ನಿಮಗ ಗೊತ್ತಿತ್ತೇನ್ರಿ?”

ಗೊತ್ತಿತ್ತು ಬೀರವ್ವ. ಕೊಟ್ಟಿಗೆಯಲ್ಲಿ ನಿನ್ನ ಮನೆಯ ಗಂಜಿಯ ವಾಸನೆ ಹಿಡಿದ ಆ ಮಧ್ಯಾಹ್ನದಿಂದಲೂ ಅವಳಿಗೆ ಗೊತ್ತಿತ್ತು. ಆಗ ಅವಳು ಹೇಳಿದ್ದನ್ನು ಕೇಳಿಸಿಕೊಂಡವನು ನಾನೊಬ್ಬನೇ. ನಾನು ಕಬ್ಬಿಣ. ನಿನ್ನ ಅಂಗೈಯಲ್ಲಿ ಬೆಚ್ಚಗಾಗುವುದಷ್ಟೇ ನನಗೆ ಬರುತ್ತದೆ.